ಸುಳ್ಳು ಹೇಳಿದ ಊರು

ತಿರುಮಣಿಯ ವನಜಾ ಸಮೀಕ್ಷೆಯ ಎಪ್ಪತ್ತೊಂದು ಪ್ರಶ್ನೆಗಳನ್ನೂ ಬಾಯಿಪಾಠ ಮಾಡಿಕೊಂಡಿದ್ದಳು. ಟ್ಯಾಬಿನ ಮೇಲೆ ಕಣ್ಣು ನೆಟ್ಟು ಕೇಳಿದರೆ ಜನ ಪೊಲೀಸರಿಗೆ ಹೇಳಿದ ಹಾಗೆ ಉತ್ತರ ಹೇಳುತ್ತಾರೆ, ಮುಖ ನೋಡಿ ಕೇಳಿದರೆ ಮನೆಯವರಿಗೆ ಹೇಳಿದ ಹಾಗೆ ಹೇಳುತ್ತಾರೆ ಎನ್ನುವುದು ಅವಳ ಅನುಭವ. ಮೊದಲು ಪ್ರಶ್ನೆ ಕೇಳುವುದು, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು, ಆಮೇಲೆ ಟ್ಯಾಬಿನಲ್ಲಿ ಒತ್ತುವುದು. ಹೀಗಾಗಿ ಬೇರೆ ಹೆಣ್ಣುಮಕ್ಕಳು ದಿನಕ್ಕೆ ಹನ್ನೆರಡು ಮನೆ ಮುಗಿಸಿದರೆ ಇವಳದು ಆರೇ ಆಗುತ್ತಿತ್ತು. ಮೇಲ್ವಿಚಾರಕ ರಂಗೇಶ್ ಶಿರಾ ಕಡೆಯವನು. ಒಳ್ಳೆಯವನೇ, ಆದರೆ ದಿನಾ ಸಂಜೆ ಫೋನ್ ಮಾಡಿ ಗೊಣಗುತ್ತಿದ್ದ.

ಕೊರೊನಾ ತಣ್ಣಗಾದ ಮರುವರ್ಷ ಶುರುವಾದ ಯೋಜನೆ ಅದು. ಹೆಸರು 'ಮರುಚಿಗುರು'. ಬೆಂಗಳೂರಿನ ಒಂದು ಸಂಸ್ಥೆಗೆ ಹೊರದೇಶದ ದತ್ತಿನಿಧಿಯೊಂದು ನಾಲ್ಕು ಕೋಟಿ ಕೊಟ್ಟಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸ ಕಳೆದುಕೊಂಡು ಇನ್ನೂ ಮೇಲೇಳಲಾಗದ ಮನೆಗಳು ಯಾವುವು ಎಂದು ಡೇಟಾ ಸೈನ್ಸ್ ಬಳಸಿ ಪತ್ತೆ ಮಾಡುವುದು, ಅಂಥ ಮನೆಗಳಿಗೆ ಕುರಿಯೋ ಹೊಲಿಗೆ ಯಂತ್ರವೋ ತಳ್ಳುಗಾಡಿಯೋ ಕೊಟ್ಟು ಕೈಹಿಡಿಯುವುದು, ಒಬ್ಬರನ್ನೂ ಹಿಂದೆ ಬಿಡದಿರುವುದು. ಕರಪತ್ರದಲ್ಲಿ ಹಾಗೆ ಅಚ್ಚಾಗಿತ್ತು. ಮನೆಮನೆಗೆ ಹೋಗಿ ಪ್ರಶ್ನೆ ಕೇಳಲು ಆಯಾ ಊರಿನ ಹೆಣ್ಣುಮಕ್ಕಳನ್ನೇ ತೆಗೆದುಕೊಂಡರು. ವನಜಾಗೆ ಬಂದದ್ದು ಅವಳ ಸ್ವಂತ ಊರು ತಿರುಮಣಿ, ಪಕ್ಕದ ಬಲಸಮುದ್ರ. ಎರಡೂ ಸೇರಿ ಇನ್ನೂರ ಮೂವತ್ತಾರು ಮನೆ.

ವನಜಾಗೆ ಆಗ ಮೂವತ್ತಮೂರು. ಪಾವಗಡದಲ್ಲಿ ಬಿ.ಎ. ಓದಿ, ಸೋದರತ್ತೆಯ ಮಗ ಓಬಳರಾಜುವನ್ನು ಮದುವೆಯಾಗಿ ಊರಲ್ಲೇ ಉಳಿದವಳು. ಓಬಳರಾಜು ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಓದಿದ ಓದು ಹತ್ತು ವರ್ಷ ಪೆಟ್ಟಿಗೆಯಲ್ಲಿದ್ದು ಈಗ ಹೊರಗೆ ಬಂತು ಎಂದು ವನಜಾಗೆ ಹಿಗ್ಗು. ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಬೀದಿಯಲ್ಲಿ ನಡೆಯುವಾಗ ಅವಳ ನಡಿಗೆಯೇ ಬೇರೆಯಾಗುತ್ತಿತ್ತು.

ಮೊದಲ ದಿನ ಅವಳು ಹೋದದ್ದು ಚಿಕ್ಕಕ್ಕನ ಮನೆಗೆ. ಅರವತ್ತು ದಾಟಿದ ಹೆಂಗಸು, ಒಂಟಿ. ಮಗಳನ್ನು ಆಂಧ್ರದ ಕಡೆಗೆ ಕೊಟ್ಟಿತ್ತು. ಕಡ್ಲೆಕಾಯಿ ಹೊಲದಲ್ಲಿ ಕಳೆ ಕೀಳಲು ಕೂತರೆ ಹರೆಯದವರೂ ಅವಳ ಸಾಲನ್ನು ಹಿಡಿಯಲಾರರು ಎಂಬ ಹೆಸರು ಅವಳಿಗಿತ್ತು. ಆ ಹೊಲಗಳೆಲ್ಲ ಪಾರ್ಕಿಗೆ ಹೋದವು. ಜಮೀನಿದ್ದವರಿಗೆ ವರ್ಷ ವರ್ಷ ಗುತ್ತಿಗೆ ಬರುತ್ತದೆ. ಆ ಜಮೀನಿನಲ್ಲಿ ನಲವತ್ತು ವರ್ಷ ಬಗ್ಗಿ ಕಳೆ ಕಿತ್ತವರಿಗೆ ಏನೂ ಬರುವುದಿಲ್ಲ, ಏಕೆಂದರೆ ಅವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಆಮೇಲೆ ಚಿಕ್ಕಕ್ಕ ಟೆಂಪೊ ಹತ್ತಿ ಗಡಿಯಾಚೆಯ ಹೊಲಗಳಿಗೆ ಕೂಲಿಗೆ ಹೋಗತೊಡಗಿದಳು. ಲಾಕ್‌ಡೌನ್ ಬಂದು ಗಡಿ ಮುಚ್ಚಿದಾಗ ಅದೂ ನಿಂತಿತು. ರೇಷನ್ ಅಕ್ಕಿಯಾದರೂ ಇತ್ತೇ ಎಂದರೆ, ಬೆರಳಿನ ಗೆರೆ ಸವೆದುಹೋಗಿ ಸೊಸೈಟಿಯ ಮಿಷನ್ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಕಾರ್ಡು ರದ್ದಾಗಿತ್ತು.

ಮೂವತ್ತೆಂಟನೆಯ ಪ್ರಶ್ನೆ: ಲಾಕ್‌ಡೌನ್ ಕಾಲದಲ್ಲಿ ಊಟವಿಲ್ಲದೆ ದಿನ ಕಳೆದದ್ದುಂಟೆ? ಅದಕ್ಕೆ ಚಿಕ್ಕಕ್ಕ, ಊರಿನ ಹೆಣ್ಣುಮಕ್ಕಳನ್ನೆಲ್ಲ ತೆಲುಗಿನಲ್ಲಿ ತಲ್ಲಿ, ಅಂದರೆ ತಾಯಿ, ಎಂದು ಕರೆಯುವವಳು, ತಿರುಗಿ ವನಜಾಳನ್ನೇ ಕೇಳಿದಳು.

"ಆಗ ನಿಮ್ಮನೆಗೆ ಮಜ್ಜಿಗೆ ಕೇಳ್ಕಂಡು ಬರ್ತಿದ್ನಲ್ಲ, ಗ್ಯಾಪ್ಕ ಐತಾ ತಲ್ಲಿ?"

ವನಜಾಗೆ ನೆನಪಿತ್ತು. "ಮೈ ಉಷ್ಣ ಆಗೈತೆ ಅಂತಿದ್ದಲ್ಲ ಚಿಕ್ಕಕ್ಕ."

"ಉಷ್ಣ ಅಲ್ಲ ಕಣಮ್ಮ, ಹಸಿವು. ಹಸಿವು ಅಂದ್ರೆ ನೀನು ಅನ್ನ ಇಕ್ಬುಡ್ತೀಯ. ನಿಮ್ಮನೇಲೂ ಆಗ ಕೆಲ್ಸ ನಿಂತಿತ್ತು. ಅದ್ಕೆ ಮಜ್ಜಿಗೆ ಕೇಳ್ದೆ."

ಈ ಮಾತು ಬರೆಯಲು ಟ್ಯಾಬಿನಲ್ಲಿ ಜಾಗವಿರಲಿಲ್ಲ. ಅಲ್ಲಿದ್ದದ್ದು ಹೌದು, ಇಲ್ಲ, ಗೊತ್ತಿಲ್ಲ. ವನಜಾ ಹೌದು ಎಂಬುದನ್ನು ಒತ್ತಿದಳು. ಎಷ್ಟು ದಿನ ಎಂಬಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಎಂದು ಒತ್ತಿದಳು. ತನ್ನ ಕೈಯಾರೆ ಲೋಟ ಲೋಟ ಮಜ್ಜಿಗೆ ಕೊಟ್ಟು, ಸಹಾಯ ಮಾಡಿದೆನೆಂದು ನೆಮ್ಮದಿಯಾಗಿ ಮಲಗಿದ್ದ ದಿನಗಳು ನೆನಪಾಗಿ ಮುಖ ಎತ್ತಲು ನಾಚಿಕೆಯಾಯಿತು. ಹೊರಡುವಾಗ ಚಿಕ್ಕಕ್ಕ, ಇದನ್ನು ಮಗಳಿಗೂ ಹೇಳಿಲ್ಲ, ನೀನೂ ಹೇಳಬೇಡ ಎಂದಳು. ಕಂಪ್ಯೂಟರಿಗೆ ಮಾತ್ರ ಹೇಳುತ್ತೇನೆ ಎಂದು ವನಜಾ ಮಾತು ಕೊಟ್ಟಳು.

ಇಂಥ ಮಾತು ಒಂದೆರಡಲ್ಲ. ಲಕ್ಷ್ಮೀದೇವಿ ಎನ್ನುವವಳು ಮಗನ ಶಾಲೆ ಬಿಡಿಸಿದ್ದನ್ನು ಹೇಳಿ ಅತ್ತಳು. ಬಲಸಮುದ್ರದ ಚೌಡಯ್ಯ ಎಪ್ಪತ್ತೊಂದು ಪ್ರಶ್ನೆಗೂ ಎದ್ದು ನಿಂತೇ ಉತ್ತರ ಕೊಟ್ಟ, ಸರ್ಕಾರದವರ ಮುಂದೆ ಕೂರಬಾರದೆಂದು. ನಾನು ಸರ್ಕಾರದವಳಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ತಿಂಗಳಲ್ಲಿ ಇನ್ನೂರ ಮೂವತ್ತಾರು ಮನೆಯ ಗುಟ್ಟೆಲ್ಲ ವನಜಾಳ ಮೂಲಕ ಹಾದು ಬೆಂಗಳೂರು ಸೇರಿತು.

ಏಳು ತಿಂಗಳಾದ ಮೇಲೆ ಪಟ್ಟಿ ಬಂತು.

ರಂಗೇಶ್ ಅದನ್ನು ಫೋನಿಗೆ ಕಳಿಸಿದ್ದ. ವನಜಾ ಒಲೆಯ ಮುಂದೆ ನಿಂತೇ ಮೇಲಿಂದ ಕೆಳಕ್ಕೆ ಎಳೆದು ನೋಡಿದಳು. ಕೊರಟಗೆರೆ ತಾಲ್ಲೂಕಿನ ಊರುಗಳಿದ್ದವು, ಶಿರಾದ ಊರುಗಳಿದ್ದವು. ಬಲಸಮುದ್ರದಲ್ಲಿ ಎರಡು ಮನೆ. ತಿರುಮಣಿಯ ಮುಂದೆ ಸೊನ್ನೆ. ಇನ್ನೊಂದು ಹಾಳೆ ಇರಬೇಕೆಂದು ಮತ್ತೆ ಮತ್ತೆ ಎಳೆದಳು. ಇರಲಿಲ್ಲ. ರಂಗೇಶನಿಗೆ ಫೋನ್ ಮಾಡಿದರೆ, ಅದು ಕಂಪ್ಯೂಟರ್ ಮಾಡಿದ ಪಟ್ಟಿ, ಅದರಲ್ಲಿ ಮನುಷ್ಯರ ಕೈ ಇಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ ಎಂದು ಹೇಳಿಕೊಟ್ಟದ್ದನ್ನು ಒಪ್ಪಿಸಿದ. ಮನೆಮನೆಗೆ ಹೋಗಿ ನಿಮ್ಮ ಮನೆ ಆಯ್ಕೆಯಾಗಿಲ್ಲ ಎಂದು ತಿಳಿಸಿ ಬರುವುದೂ ಅವಳದೇ ಕೆಲಸವಂತೆ. ಅದಕ್ಕೆ ಮನೆಗೊಂದು ಫೋಟೊ ಬೇರೆ ತೆಗೆದು ಕಳಿಸಬೇಕು.

ಮೂರು ದಿನ ವನಜಾ ತಲೆ ತಗ್ಗಿಸಿಕೊಂಡು ತಿರುಗಿದಳು. ಕೆಲವರು ಬೈದರು. ಒಬ್ಬಳು, ನಿನ್ನ ಗಂಡನಿಗೆ ಪಾರ್ಕಿನಲ್ಲಿ ಕೆಲಸವಿದೆ, ನಿನಗೆ ನಮ್ಮ ಕಷ್ಟ ಬರೆಯೋಕೆ ಎಲ್ಲಿ ಬರುತ್ತೆ ಎಂದಳು. ಬೈಗುಳವನ್ನು ಹೇಗೋ ನುಂಗಿದಳು. ಆದರೆ ಚಿಕ್ಕಕ್ಕ ಬೈಯಲಿಲ್ಲ. "ನನ್ನೆಸ್ರು ಇಲ್ವಾ? ಹೋಗ್ಲಿ ಬುಡು ತಲ್ಲಿ. ನನಗಿಂತ ಕಷ್ಟ ಇರೋರು ಇರ್ತಾರೆ," ಎಂದು ಕೂರಲು ಚಾಪೆ ಹಾಸಿದಳು. ಆ ಚಾಪೆಯ ಮೇಲೆ ಕೂತಾಗಲೇ ವನಜಾಳ ಎದೆಯಲ್ಲಿ ಮೊದಲ ಸಲ ಕಿಡಿ ಹೊತ್ತಿದ್ದು. ಚಿಕ್ಕಕ್ಕನಿಗಿಂತ ಕಷ್ಟದವರು ಯಾರು, ಅವರನ್ನು ನನಗೂ ತೋರಿಸಲಿ ಎಂದುಕೊಂಡಳು.

ಮರುದಿನವೇ ಮಧುಗಿರಿಗೆ ಹೊರಟಳು. ಸಂಸ್ಥೆಯ ಕಚೇರಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲಿತ್ತು. ರಂಗೇಶ್ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ತೇಜಸ್ವಿನಿ ಎಂಬ ಹುಡುಗಿ ಲ್ಯಾಪ್‌ಟಾಪ್ ಮುಂದೆ ಒಬ್ಬಳೇ ಕೂತಿದ್ದಳು. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಪಟ್ಟಿ ತಯಾರಿಸಿದ ಲೆಕ್ಕಾಚಾರವೆಲ್ಲ ತನ್ನದೇ ಎಂದು ಅವಳೇ ಹೇಳಿದಳು, ನೀರು ಕೊಟ್ಟು ಕೂರಿಸಿದಳು. ವನಜಾ ಕೇಳಿದ್ದು ಒಂದೇ: ತಿರುಮಣಿಗೆ ಸೊನ್ನೆ ಹೇಗೆ ಬಂತು?

ತೇಜಸ್ವಿನಿ ಪರದೆಯ ಮೇಲೆ ಒಂದು ನಕಾಶೆ ತೆರೆದಳು. ಎಲ್ಲ ಕಪ್ಪು, ಅಲ್ಲಲ್ಲಿ ಹಳದಿ ಚುಕ್ಕಿ. ತುಮಕೂರಿನ ಕಡೆ ಚುಕ್ಕಿಗಳ ಗುಂಪು. ಮೇಲೆ ಗಡಿಯ ಹತ್ತಿರ ಇನ್ನೊಂದು ದೊಡ್ಡ ಹಳದಿ ಪಟ್ಟೆ.

"ಇದು ಉಪಗ್ರಹ ರಾತ್ರಿ ಹೊತ್ತು ತೆಗೆದ ಚಿತ್ರ. ಬೆಳಕು ಜಾಸ್ತಿ ಇರುವ ಕಡೆ ವಹಿವಾಟು ಚೇತರಿಸಿಕೊಂಡಿದೆ ಅಂತ ಅರ್ಥ. ನಮ್ಮ ಮಾದರಿಯಲ್ಲಿ ಮುಕ್ಕಾಲು ತೂಕ ಇದಕ್ಕೇ. ಈ ಪಟ್ಟೆ ನಿಮ್ಮೂರು."

ವನಜಾ ಕುರ್ಚಿಯನ್ನು ಮುಂದಕ್ಕೆಳೆದು ನೋಡಿದಳು. "ಮೇಡಂ, ಇದು ಪಾರ್ಕಿನ ಬೇಲಿ ಲೈಟು. ಇಲ್ಲಿ ಜಾಸ್ತಿ ಕಾಣ್ತದಲ್ಲ, ಅದು ಸಬ್‌ಸ್ಟೇಷನ್. ನಮ್ಮೂರಿನ ಬೀದಿ ದೀಪ ಕೆಟ್ಟು ನಾಕು ತಿಂಗ್ಳಾಯ್ತು."

ತೇಜಸ್ವಿನಿ ನಕಾಶೆಯನ್ನು ಚಿಕ್ಕದು ಮಾಡಿದಳು. ಆಮೇಲೆ, ತನಗೂ ಅದು ಗೊತ್ತಾಗಿತ್ತು ಎಂದಳು. ಪಾರ್ಕಿನ ಬೆಳಕನ್ನು ಕಳೆದು ಮತ್ತೆ ಲೆಕ್ಕ ಹಾಕಬೇಕು, ಮೂರು ವಾರ ಬೇಕು ಎಂದು ಮುಖ್ಯಸ್ಥರಾದ ರೇವಂತ್ ಅವರಿಗೆ ಬರೆದಿದ್ದಳಂತೆ. ದತ್ತಿನಿಧಿಗೆ ವರದಿ ಕೊಡುವ ದಿನ ಹತ್ತಿರವಿದೆ, ಎರಡನೆಯ ಹಂತದ ಹಣ ಅದರ ಮೇಲೆ ನಿಂತಿದೆ, ಇದ್ದುದರಲ್ಲೇ ಮುಗಿಸು ಎಂದರಂತೆ.

"ಹಂಗಾದ್ರೆ ನಾವು ಬರ್ಕೊಂಡು ಬಂದ ಉತ್ತರ? ಎಪ್ಪತ್ತೊಂದು ಪ್ರಶ್ನೆ?"

ಉತ್ತರಗಳಿಗೆ ಉಳಿದ ಕಾಲು ತೂಕ, ಅದೂ ಬೆಳಕಿನ ಲೆಕ್ಕಕ್ಕೆ ಹೊಂದಿದರೆ ಮಾತ್ರ ಎಂದಳು ತೇಜಸ್ವಿನಿ. ಹೊಂದದೆ ಇದ್ದರೆ ಏನು ಮಾಡುತ್ತೀರಿ ಎಂದು ವನಜಾ ಕೇಳಿದಳು. ಹುಡುಗಿ ಹಿಂಜರಿಯುತ್ತಲೇ ಇನ್ನೊಂದು ಹಾಳೆ ತೆರೆದಳು. ತಿರುಮಣಿಯ ಮನೆಗಳು ಸಾಲಾಗಿದ್ದವು, ಅವುಗಳ ಕೆಳಗೆ ಬಲಸಮುದ್ರದ ಆಯ್ಕೆಯಾಗದ ಮನೆಗಳು. ಒಂದನೆಯ ಮನೆ ಚಿಕ್ಕಕ್ಕನದು. ಕೊನೆಯ ಕಾಲಮಿನಲ್ಲಿ ಇಂಗ್ಲಿಷಿನಲ್ಲಿ ಏನೋ ಇತ್ತು, ಅದೇ ಮಾತು ಕೆಳಗಿನ ತನಕ ಇಳಿದಿತ್ತು. ವನಜಾ ಅಕ್ಷರ ಕೂಡಿಸಿಕೊಂಡು ಓದಿದಳು. ಅರ್ಥವಾದರೂ ನಂಬಿಕೆ ಬಾರದೆ, ಇದನ್ನು ಕನ್ನಡದಲ್ಲಿ ಹೇಳಿ ಎಂದಳು.

"ಉತ್ತರ ನಂಬಲರ್ಹವಲ್ಲ. ನೆರವಿನ ಆಸೆಗೆ ಕಷ್ಟವನ್ನು ಹೆಚ್ಚಿಸಿ ಹೇಳಿರುವ ಸಾಧ್ಯತೆ." ತೇಜಸ್ವಿನಿ ಪರದೆಯನ್ನೇ ನೋಡುತ್ತಿದ್ದಳು. "ಅದು ತಾನಾಗಿಯೇ ಬೀಳುವ ಗುರುತು ವನಜಾ ಅವರೇ. ಯಾರೂ ಕೂತು ಬರೆದದ್ದಲ್ಲ."

ಯಾರೂ ಕೂತು ಬರೆಯದಿದ್ದರೂ ಅದನ್ನು ಓದಿದವರು ಇದ್ದರಲ್ಲ, ಓದಿ ಸುಮ್ಮನಿದ್ದರಲ್ಲ. ವನಜಾ ಹಾಗೆಂದು ಮನಸ್ಸಿನಲ್ಲೇ ಹೇಳಿಕೊಂಡಳು. ಆ ಸಾಲುಗಳ ಫೋಟೊವನ್ನು ಫೋನಿನಲ್ಲಿ ತೆಗೆದುಕೊಂಡಳು. ತೇಜಸ್ವಿನಿ ತಡೆಯಲಿಲ್ಲ, ಬೇಕೆಂದೇ ಕಿಟಕಿಯ ಕಡೆ ತಿರುಗಿ ಬೆಟ್ಟ ನೋಡುತ್ತ ನಿಂತಳು.

ಪಾವಗಡದ ಬಸ್ಸಿನಲ್ಲಿ ವನಜಾಗೆ ಸೀಟು ಸಿಕ್ಕಿತು, ಆದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ್ದು ಒಂದು ಮಾತು. ಹಣ ಸಾಲಲಿಲ್ಲ, ಮುಂದಿನ ಸಲ ನೋಡೋಣ ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಸಿವನ್ನು ಉಷ್ಣವೆಂದು ಮುಚ್ಚಿಟ್ಟುಕೊಂಡ ಹೆಂಗಸು ಜೀವಮಾನದಲ್ಲಿ ಒಂದು ಸಲ ಬಾಯಿಬಿಟ್ಟು ನಿಜ ಹೇಳಿದರೆ, ಅದರ ಮುಂದೆ ಸುಳ್ಳಿ ಎಂದು ಬರೆದಿದ್ದಾರೆ. ಬರೆಸಿಕೊಂಡು ಬಾ ಎಂದು ನನ್ನನ್ನೇ ಕಳಿಸಿದ್ದಾರೆ. ಬೇಲಿಯ ದೀಪದ ಮಾತು ನಿಜ, ಬೇಲಿಯಾಚೆಯ ಮನುಷ್ಯರ ಮಾತು ಸುಳ್ಳು. ನಾಲ್ಕು ಕೋಟಿ ಖರ್ಚು ಮಾಡಿ ಕಂಡುಹಿಡಿದದ್ದು ಇದೇ.

ತಡೆದುಕೊಳ್ಳಲಾಗದ ಸಿಟ್ಟಿನಲ್ಲಿ ಅವಳ ತುಟಿ ತಾನಾಗಿಯೇ ಅಲ್ಲಾಡುತ್ತಿತ್ತು. ಎಪ್ಪತ್ತೊಂದು ಪ್ರಶ್ನೆ ಮೊದಲಿನಿಂದ ಸಾಲಾಗಿ ಬಂದವು. ಪ್ರಶ್ನೆಗೂ ಮುಂಚೆ ಓದಿ ಹೇಳಬೇಕಾದ ಒಪ್ಪಿಗೆಯ ಮಾತು ಬಂತು. ಇನ್ನೂರ ಮೂವತ್ತಾರು ಸಲ ಹೇಳಿದ್ದ ಮಾತು, ಕೇಳಿದವರೂ ಕಿವಿಗೆ ಹಾಕಿಕೊಳ್ಳದ, ಹೇಳಿದವಳೂ ಯೋಚಿಸದ ಮಾತು. "ಈ ಉತ್ತರಗಳು ನಿಮ್ಮವು. ಯಾವಾಗ ಬೇಕಾದರೂ, ಕಾರಣ ಹೇಳದೆ, ನೀವು ಅವನ್ನು ಹಿಂದಕ್ಕೆ ಪಡೆಯಬಹುದು. ಹಾಗೆ ಪಡೆದರೆ ಸಂಸ್ಥೆಯು ಅವನ್ನು ಅಳಿಸಿಹಾಕತಕ್ಕದ್ದು." ವನಜಾ ತುಟಿ ನಿಲ್ಲಿಸಿದಳು. ಬಸ್ಸು ಪಾವಗಡ ಮುಟ್ಟುವಷ್ಟರಲ್ಲಿ ಏನು ಮಾಡಬೇಕೆಂದು ತೀರ್ಮಾನವಾಗಿತ್ತು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಓಬಳರಾಜು ಕೈಕಾಲು ತೊಳೆದು ಬಂದು, ಉತ್ತರ ಹಿಂದಕ್ಕೆ ತಗೊಂಡ್ರೆ ಜನಕ್ಕೆ ಏನು ಸಿಗುತ್ತೆ, ನಿನ್ನ ಕೆಲಸ ಹೋಗುತ್ತೆ ಅಷ್ಟೇ ಎಂದ. ಏನೂ ಸಿಗುವುದಿಲ್ಲ ಎಂದು ಅವಳೂ ಒಪ್ಪಿದಳು. ಮೊನ್ನೆಯೂ ಏನೂ ಸಿಗಲಿಲ್ಲವಲ್ಲ, ಆದರೆ ಸುಳ್ಳುಗಾರರು ಅನ್ನಿಸಿಕೊಳ್ಳುವುದು ತಪ್ಪುತ್ತೆ ಎಂದಳು. ಅವನು ವಾದ ಮಾಡಲಿಲ್ಲ. ಮುಂದಿನ ಒಂದು ವಾರ ದಿನಾ ಪಾಳಿ ಮುಗಿಸಿ ಬಂದು ತಾನೇ ಬೈಕಿನಲ್ಲಿ ಬಲಸಮುದ್ರಕ್ಕೆ ಕರೆದುಕೊಂಡು ಹೋದ.

ಮೊದಲು ಚಿಕ್ಕಕ್ಕ. ಫೋನಿನ ಫೋಟೊ ತೋರಿಸಿ ಸಾಲನ್ನು ಓದಿ ಹೇಳಿದಾಗ ಚಿಕ್ಕಕ್ಕನಿಗೆ ಮೊದಲು ತಿಳಿಯಲಿಲ್ಲ. ಎರಡನೆಯ ಸಲ ಕೇಳಿದಳು. ಆಮೇಲೆ ಎದ್ದು ನಿಂತಳು.

"ನಾನು ಸುಳ್ಳು ಹೇಳ್ದೆ ಅಂದವ್ರಾ?"

"ಹಂಗೆ ಬರ್ದವ್ರೆ ಚಿಕ್ಕಕ್ಕ."

"ಯಾರು? ಅವ್ರ ಹೆಸ್ರೇನು? ಅವ್ರು ನಮ್ಮೂರು ನೋಡವ್ರಾ?"

ವನಜಾ ಇಲ್ಲವೆಂದಳು. ಹೋಗ್ಲಿ ಬುಡು ಎಂದಿದ್ದ ಚಿಕ್ಕಕ್ಕ ಈಗ ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಹೇಳು ಎಂದಳು. ಮಿಷನ್ ಒಪ್ಪದ ಹೆಬ್ಬೆಟ್ಟು, ಉತ್ತರ ಹಿಂದಕ್ಕೆ ಕೇಳುವ ಅರ್ಜಿಯ ಮೇಲೆ ಗೆರೆಯಿಲ್ಲದ ನೀಲಿ ಮಚ್ಚೆಯಾಗಿ ಬಿತ್ತು. ಅಲ್ಲಿಗೇ ನಿಲ್ಲದೆ ವನಜಾಳ ಜೊತೆ ಬೀದಿ ಬೀದಿ ಬಂದಳು. ಸುಳ್ಳು ಎಂಬ ಒಂದು ಪದ ಊರಿಗೆ ತಟ್ಟಿದ ಹಾಗೆ ಸೊನ್ನೆ ತಟ್ಟಿರಲಿಲ್ಲ. ಮೂರು ದಿನದ ಹಿಂದೆ ವನಜಾಳನ್ನು ಬೈದವಳೇ ಮಸಿಯ ಪ್ಯಾಡು ಹಿಡಿದುಕೊಂಡು ಮುಂದೆ ನಡೆದಳು. ಎಲ್ಲರೂ ಒಪ್ಪಲಿಲ್ಲ. ಮುಂದಿನ ಹಂತದಲ್ಲಾದರೂ ಹೆಸರು ಬರಬಹುದು, ದೊಡ್ಡವರನ್ನು ಯಾಕೆ ಎದುರು ಹಾಕಿಕೊಳ್ಳಬೇಕು ಎಂದು ಮೂವತ್ತು ಚಿಲ್ಲರೆ ಮನೆಯವರು ಹಿಂದೆ ಸರಿದರು. ವನಜಾ ಅವರನ್ನು ಒತ್ತಾಯಿಸಲಿಲ್ಲ. ಚೌಡಯ್ಯ ಈ ಸಲ ಕೂತುಕೊಂಡೇ ಸಹಿ ಹಾಕಿದ.

ಇನ್ನೂರ ಒಂದು ಅರ್ಜಿ. ಪಾವಗಡದ ಅಂಚೆ ಕಚೇರಿಯಿಂದ ಎರಡು ರಿಜಿಸ್ಟರ್ಡ್ ಕಟ್ಟು ಹೋದವು. ಒಂದು ಬೆಂಗಳೂರಿನ ಸಂಸ್ಥೆಗೆ, ಅದರ ನಕಲು ಒಪ್ಪಿಗೆ ಪತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ದತ್ತಿನಿಧಿಯ ದೆಹಲಿ ವಿಳಾಸಕ್ಕೆ. ಕಾರಣ ಹೇಳಬೇಕಿಲ್ಲ ಎಂದಿದ್ದರೂ ವನಜಾ ಒಂದು ಪುಟದಲ್ಲಿ ಕಾರಣ ಬರೆದಿದ್ದಳು. ಬೇಲಿಯ ದೀಪ, ಸಬ್‌ಸ್ಟೇಷನ್, ಕೆಟ್ಟ ಬೀದಿ ದೀಪ, ಕೊನೆಯ ಕಾಲಮು, ಎಲ್ಲ.

ಒಂಬತ್ತನೆಯ ದಿನ ರೇವಂತ್ ಕಾರಿನಲ್ಲಿ ಬಂದರು. ರಂಗೇಶ್ ಮುಂದಿನ ಸೀಟಿನಲ್ಲಿ ಮುಖ ಸಣ್ಣದು ಮಾಡಿಕೊಂಡಿದ್ದ. ರೇವಂತ್ ನಲವತ್ತರ ಆಸುಪಾಸಿನ ಮೃದು ಮಾತಿನ ಮನುಷ್ಯ. ದನಿ ಎತ್ತಲಿಲ್ಲ, ಹೆದರಿಸಲಿಲ್ಲ. ಚಿಕ್ಕಕ್ಕನ ಮನೆಯ ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ನಾವೆಲ್ಲ ಒಂದೇ ಕಡೆಯವರು ಎಂದರು. ಉತ್ತರ ಅಳಿಸಿದರೆ ಇಡೀ ಅಧ್ಯಯನ ಹಾಳಾಗುತ್ತದೆ, ಎರಡನೆಯ ಹಂತದ ಹಣ ನಿಲ್ಲುತ್ತದೆ, ಕೊರಟಗೆರೆಯ ಕೊಳಾಲ ಹೋಬಳಿಯಲ್ಲಿ ಹೊಲಿಗೆ ಯಂತ್ರಕ್ಕಾಗಿ ಕಾಯುತ್ತಿರುವ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ, ಆ ಪಾಪ ನಿಮಗೆ ಬೇಕೇ ಎಂದು ಕೇಳಿದರು. ಬೀದಿಯ ಹೆಂಗಸರೆಲ್ಲ ಸೇರಿದ್ದರು. ಆ ಮಾತಿಗೆ ಕೆಲವರ ಮುಖ ಬಾಡಿತು. ವನಜಾಗೂ ಒಂದು ಕ್ಷಣ ಅಳುಕಾಯಿತು. ಅದನ್ನು ಗಮನಿಸಿದ ರೇವಂತ್ ಮುಂದಕ್ಕೆ ಬಾಗಿ, ಅರ್ಜಿಗಳನ್ನು ವಾಪಸು ತೆಗೆದುಕೊಂಡರೆ ತಿರುಮಣಿಯ ಹತ್ತು ಮನೆಗಳನ್ನು ಪಟ್ಟಿಗೆ ಸೇರಿಸುವ ಜವಾಬ್ದಾರಿ ತಮ್ಮದು ಎಂದರು. ಮೊದಲ ಹೆಸರು ಚಿಕ್ಕಕ್ಕನದೇ.

ಕಂಬಕ್ಕೆ ಒರಗಿ ನಿಂತಿದ್ದ ಚಿಕ್ಕಕ್ಕ ಆಗ ಬಾಯಿಬಿಟ್ಟಳು.

"ಸೋಮಿ, ಪಟ್ಟಿ ಕಂಪ್ಯೂಟರ್ ಮಾಡ್ತು, ಮನುಷ್ಯರ ಕೈ ಇಲ್ಲ ಅಂದ್ರಂತಲ್ಲ. ಈಗ ನನ್ನೆಸ್ರು ಹೆಂಗೆ ಸೇರಿಸ್ತೀರಾ?"

ರೇವಂತ್ ನಕ್ಕರು. ಅದಕ್ಕೊಂದು ದಾರಿಯಿದೆ, ವಿಶೇಷ ಪ್ರಕರಣವೆಂದು ಪರಿಗಣಿಸಬಹುದು ಎಂದರು.

"ಅಂಗಾದ್ರೆ ಕೈ ಐತೆ," ಎಂದಳು ಚಿಕ್ಕಕ್ಕ. "ಕೈ ಐತೆ ಅಂದ್ಮೇಲೆ ಮೊದ್ಲು ಆ ಸುಳ್ಳು ಅನ್ನೋದನ್ನ ಹೊಡೆದಾಕಿ. ನನಗೆ ಕುರಿ ಬ್ಯಾಡ. ಈ ಮುದುಕಿ ಹೇಳಿದ್ದು ನಿಜ ಅಂತ ಬರೀರಿ. ಇಲ್ಲೇ ಬರೀರಿ, ನಾನು ನೋಡ್ತೀನಿ."

ವರದಿ ಆಗಲೇ ಅಚ್ಚಿಗೆ ಹೋಗಿದೆ, ಅದನ್ನು ಬದಲಾಯಿಸುವುದು ತಮ್ಮ ಕೈಯಲ್ಲಿಲ್ಲ ಎಂದರು ರೇವಂತ್. ಹೆಸರು ಸೇರಿಸಲು ಕೈಯಿದೆ, ಒಂದು ಸುಳ್ಳು ಹೊಡೆದುಹಾಕಲು ಕೈಯಿಲ್ಲ. ಬೀದಿಯಲ್ಲಿ ನಿಂತ ಹೆಂಗಸರಿಗೆ ಆಗ ಯಾರೂ ಏನೂ ವಿವರಿಸಬೇಕಾಗಲಿಲ್ಲ. ವನಜಾಳ ಅಳುಕೂ ಅಲ್ಲಿಗೆ ಹೋಯಿತು. ಅವಳು ಎದ್ದು, ಟ್ಯಾಬನ್ನೂ ಗುರುತಿನ ಚೀಟಿಯನ್ನೂ ತಂದು ರಂಗೇಶನ ಕೈಗೆ ಕೊಟ್ಟಳು. ಕೊಳಾಲದ ಹೆಣ್ಣುಮಕ್ಕಳ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಬೇಡಿ, ಅವರಿಗೆ ಕೊಡುವ ಯಂತ್ರ ಕೊಡಿ, ನಮ್ಮ ಉತ್ತರ ನಮಗೆ ಕೊಡಿ ಎಂದಳು. ಕಾರು ಹೋದ ಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

ಮುಂದೆ ಆದದ್ದು ಹೀಗೆ. ದೆಹಲಿಯಿಂದ ದತ್ತಿನಿಧಿಯ ಒಬ್ಬ ಅಧಿಕಾರಿಣಿ ವಿಡಿಯೊ ಕರೆ ಮಾಡಿ, ದುಭಾಷಿಯನ್ನು ಇಟ್ಟುಕೊಂಡು, ವನಜಾಳನ್ನು ಒಂದೂವರೆ ಗಂಟೆ ವಿಚಾರಿಸಿದಳು. ಎರಡನೆಯ ಹಂತದ ಹಣ ಮೂರು ತಿಂಗಳು ನಿಂತಿತು. ತೇಜಸ್ವಿನಿ ತಾನು ಬರೆದಿದ್ದ ಪತ್ರವನ್ನು ಆ ಅಧಿಕಾರಿಣಿಗೆ ತೋರಿಸಿ ಸಂಸ್ಥೆ ಬಿಟ್ಟಳು. ಮೂರು ತಿಂಗಳಾದ ಮೇಲೆ ಹಣ ಅದೇ ಸಂಸ್ಥೆಗೇ ಬಿಡುಗಡೆಯಾಯಿತು. ಬೇರೆ ಯಾರಿಗೆ ಕೊಡಬೇಕು, ಅಷ್ಟು ಕೆಲಸ ಆಗಲೇ ನಡೆದಿದೆಯಲ್ಲ ಎಂದರಂತೆ. ಜೊತೆಗೆ ಒಂದು ಷರತ್ತು: ಇನ್ನು ಮುಂದೆ ಪಟ್ಟಿ ಅಂತಿಮವಾಗುವ ಮೊದಲು ಅದನ್ನು ಆಯಾ ಊರಿನಲ್ಲಿ ಜನರ ಮುಂದೆ ಓದಬೇಕು, ಆಕ್ಷೇಪಣೆ ಬರೆದುಕೊಳ್ಳಬೇಕು. ತಿರುಮಣಿ, ಬಲಸಮುದ್ರಗಳ ಉತ್ತರ ಅಳಿಸಲಾಯಿತು. ಚಂದದ ಕಾಗದದಲ್ಲಿ ಮತ್ತೆ ಅಚ್ಚಾದ ವರದಿಯ ನೂರಾ ಹನ್ನೆರಡನೆಯ ಪುಟದ ಅಡಿಯಲ್ಲಿ, ತಾಂತ್ರಿಕ ಕಾರಣಗಳಿಂದ ಎರಡು ಗ್ರಾಮಗಳನ್ನು ಕೈಬಿಡಲಾಗಿದೆ ಎಂದು ಒಂದು ಸಾಲಿತ್ತು. ಇನ್ನೂರ ಒಂದು ಮನೆಯವರ ಸಿಟ್ಟಿಗೆ ಅವರು ಇಟ್ಟ ಹೆಸರು ತಾಂತ್ರಿಕ ಕಾರಣ. ವನಜಾ ಅದನ್ನು ಓದಿದ ದಿನ ಊಟ ಮಾಡಲಿಲ್ಲ.

ಅಧಿಕಾರಿಣಿಯನ್ನು ಅವಳು ಕೇಳಿದ್ದು ಒಂದು ಪತ್ರ. ಅದು ಬಂತು, ಇಂಗ್ಲಿಷಿನಲ್ಲಿ. ವನಜಾ ಅದನ್ನು ವಾಪಸು ಕಳಿಸಿದಳು. ಮತ್ತೆ ಕನ್ನಡದಲ್ಲಿ ಬಂತು. ತಿರುಮಣಿ ಮತ್ತು ಬಲಸಮುದ್ರದ ನಿವಾಸಿಗಳ ಉತ್ತರಗಳನ್ನು ನಂಬಲರ್ಹವಲ್ಲ ಎಂದು ಗುರುತಿಸಿದ್ದು ತಪ್ಪು, ಅದಕ್ಕೆ ವಿಷಾದಿಸುತ್ತೇವೆ. ಚಿಕ್ಕಕ್ಕನ ಜಗಲಿಯ ಮೇಲೆ ಕೂತು ವನಜಾ ಅದನ್ನು ಎರಡು ಸಲ ಓದಿದಳು. ಇಷ್ಟೇನಾ ಎಂದಳು ಚಿಕ್ಕಕ್ಕ. ಇಷ್ಟೇ ಎಂದಳು ವನಜಾ. ಇಷ್ಟು ಬರೆಯೋಕೆ ಅಷ್ಟು ದಿನ ಬೇಕಾಯಿತಾ ಎಂದು ಚಿಕ್ಕಕ್ಕ ಕಾಗದವನ್ನು ದೇವರ ಗೂಡಿನಲ್ಲಿ ಇಡದೆ, ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟಳು.

ಅಕ್ಕಿ ಡಬ್ಬದಲ್ಲಿ ಆಗ ಅಕ್ಕಿಯಿತ್ತು. ಕೆಲಸ ಬಿಟ್ಟ ವಾರವೇ ವನಜಾ ಅವಳನ್ನು ಪಾವಗಡದ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋಗಿದ್ದಳು. ಬೆರಳು ಸವೆದವರಿಗೆ ಮಿಷನ್ನಿಗೆ ಕಣ್ಣು ತೋರಿಸಿ ಕಾರ್ಡು ಉಳಿಸಿಕೊಳ್ಳುವ ದಾರಿ ಇದ್ದೇ ಇತ್ತು. ಯಾರೂ ಹೇಳಿರಲಿಲ್ಲ. ಮೊದಲ ದಿನ ಗುಮಾಸ್ತ ಇರಲಿಲ್ಲ, ಎರಡನೆಯ ದಿನ ಇದ್ದ. ಮುಂದಿನ ತಿಂಗಳಿಂದ ರೇಷನ್ ಬಂತು. ಚಿಕ್ಕಕ್ಕನ ಹಸಿವನ್ನು ಕಂಡುಹಿಡಿಯಲು ಆಕಾಶದಿಂದ ಚಿತ್ರ ತೆಗೆದವರಿಗೆ ಇದೊಂದು ಹೊಳೆದಿರಲಿಲ್ಲ. ನನಗೂ ಇಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ವನಜಾಗೆ ತನ್ನ ಮೇಲೂ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬಲಸಮುದ್ರದಲ್ಲಿ ಇನ್ನೂ ನಾಲ್ಕು ಮಂದಿಯ ಕಾರ್ಡು ಮಾಡಿಸಿದಳು.

ಮಾಗಿ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಕೊಳಾಲದಿಂದ ಗಂಗಲಕ್ಷ್ಮಮ್ಮ ಎನ್ನುವವರು. ವನಜಾ, ನಿಮ್ಮಿಂದ ನಮಗೆ ಹೊಲಿಗೆ ಯಂತ್ರ ತಡವಾಯಿತು ಎಂದು ಬೈಯಲು ಮಾಡಿರಬೇಕೆಂದುಕೊಂಡಳು. ಯಂತ್ರ ಬಂದಿದೆ ಎಂದರು ಗಂಗಲಕ್ಷ್ಮಮ್ಮ. ಫೋನು ಮಾಡಿದ್ದು ಅದಕ್ಕಲ್ಲ. ಎರಡನೆಯ ಹಂತದವರು ಪಟ್ಟಿ ಓದಲು ನಾಳೆ ಊರಿಗೆ ಬರುತ್ತಾರೆ, ಹೀಗೆ ಜನರ ಮುಂದೆ ಓದುವಂತಾಗಿದ್ದು ತಿರುಮಣಿಯವರಿಂದ ಎಂದು ಮೊದಲು ಸಂಸ್ಥೆಯಲ್ಲಿದ್ದ ತೇಜಸ್ವಿನಿ ಎಂಬ ಹುಡುಗಿ ಹೇಳಿ ನಂಬರು ಕೊಟ್ಟಳು, ನಾವು ಏನು ಕೇಳಬೇಕು ಎಂದು ತಿಳಿದುಕೊಳ್ಳಬೇಕಿತ್ತು.

ವನಜಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು ಹೊಸ್ತಿಲ ಮೇಲೆ ಕೂತಳು.

"ಹೆಸ್ರು ಓದಿ ಎದ್ದು ಹೋಗೋಕೆ ಬುಡಬ್ಯಾಡಿ ಅಕ್ಕ. ಹೆಸ್ರು ಇಲ್ದೇ ಇರೋರ ಮುಂದೆ ಏನು ಬರ್ದವ್ರೆ ಅಂತ ಕೇಳಿ. ಆ ಕಡೇ ಕಾಲಮು ಓದ್ಸಿ. ಇಂಗ್ಲಿಷ್‌ನಾಗೆ ಐತೆ ಅಂತಾರೆ, ಕನ್ನಡದಾಗೆ ಹೇಳೋ ತನಕ ಯಾರೂ ಏಳಬ್ಯಾಡಿ."